ಲಿಂಕನ್ ಶಾಲೆಗೆ ಹೋದದ್ದು ಎಷ್ಟು ಕಾಲ?
ಅಬ್ರಹಾಂ ಲಿಂಕನ್ ಬಗ್ಗೆ ಮಗಳ ಭಾಷಣಕ್ಕಾಗಿ ನೀವು ನೋಡಿದ ಒಂದು ಪುಸ್ತಕದಲ್ಲಿ ‘ಒಂದು ವರ್ಷವೂ ಓದಿಲ್ಲ’, ಇನ್ನೊಂದರಲ್ಲಿ ‘ಹಲವು ವರ್ಷ ಶಾಲೆಗೆ ಹೋದರು’ ಎಂದಿರುವುದಕ್ಕೆ ಬಹುಶಃ ಲೆಕ್ಕ ಹಾಕುವ ರೀತಿಯೇ ಕಾರಣ. ಅಮೆರಿಕದ ಕೆಂಟಕಿ, ಇಂಡಿಯಾನಾ ರಾಜ್ಯಗಳಲ್ಲಿ ಬಾಲಕ ಲಿಂಕನ್ ಆಗಾಗ ಸ್ವಲ್ಪ ದಿನ ಶಾಲೆಗೆ ಹೋಗಿ, ಮತ್ತೆ ನಿಲ್ಲಿಸುತ್ತಿದ್ದರು. ಎಲ್ಲ ಕೂಡಿಸಿದರೂ ಒಂದು ವರ್ಷವಾಗದು ಎಂದು 1860ರಲ್ಲಿ ಅವರೇ ಬರೆದಿದ್ದಾರೆ. ಮಗಳ ಭಾಷಣ ಇಲ್ಲಿಂದಲೇ ಆರಂಭವಾಗಲಿ.

ಆಮೇಲೆ ವಕೀಲಿಕೆ. ವಕೀಲ ಜಾನ್ ಸ್ಟುವರ್ಟ್ ಅವರಿಂದ ಕಾನೂನು ಪುಸ್ತಕಗಳನ್ನು ಎರವಲು ತಂದು, ತಾವೇ ಓದಿಕೊಂಡು, 1836ರಲ್ಲಿ ಪರವಾನಗಿ ಪಡೆದರು. ಕೊನೆಗೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೇಲೂ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡನ ರೇಖಾಗಣಿತದ ಆರು ಭಾಗಗಳನ್ನು ಹಿಡಿದು ಕುಳಿತರು! ಇದಕ್ಕೆ ಹೆಚ್ಚು ಸಮಯ ಕೊಡಿ.

ಲಿಂಕನ್ ಒಲೆಯ ಬೆಳಕಿನಲ್ಲಿ ಓದಿದರೆಂಬ ಕಥೆ ಬೇಕೇ ಬೇಕೆಂದರೆ ‘ಎನ್ನುತ್ತಾರೆ’ ಎಂದು ಸೇರಿಸಿ.