ಬಿಸಿ ಏರಿದಂತೆ 12 ವೋಲ್ಟ್ ಫ್ಯಾನ್ ತಾನಾಗೇ ಜೋರಾಗಿ ತಿರುಗುವ ಸರ್ಕ್ಯೂಟ್ ಮಾಡೋದು ಹೇಗೆ?

ಆರ್ಡುಯಿನೊ (ಪ್ರೋಗ್ರಾಮ್ ಮಾಡುವ ಚಿಕ್ಕ ಕಂಟ್ರೋಲರ್ ಬೋರ್ಡ್) ಏನೂ ಬೇಕಾಗಿಲ್ಲ. ಒಂದು 10 ಕಿಲೋ ಓಮ್ ಎನ್‌ಟಿಸಿ ಥರ್ಮಿಸ್ಟರ್ (ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಬಿಡಿಭಾಗ), 10 ಕಿಲೋ ಓಮ್ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್), ಐಆರ್‌ಎಫ್‌ಜೆಡ್44ಎನ್ ಮಾಸ್‌ಫೆಟ್ (ಕರೆಂಟ್ ನಿಯಂತ್ರಿಸುವ ಟ್ರಾನ್ಸಿಸ್ಟರ್; ಅದರ ಮೂರು ಕಾಲುಗಳು ಗೇಟ್, ಡ್ರೇನ್, ಸೋರ್ಸ್) ಮತ್ತು ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸಾಕು.

ಥರ್ಮಿಸ್ಟರನ್ನು 12 ವೋಲ್ಟ್ ಮತ್ತು ಗೇಟ್ ನಡುವೆ ಹಾಕಿ, ಪ್ರಿಸೆಟ್ಟನ್ನು ಗೇಟ್ ಮತ್ತು ಗ್ರೌಂಡ್ ನಡುವೆ. ಸೋರ್ಸ್ ಗ್ರೌಂಡಿಗೆ. ಫ್ಯಾನ್ 12 ವೋಲ್ಟ್ ಮತ್ತು ಡ್ರೇನ್ ನಡುವೆ. ಫ್ಯಾನಿಗೆ ಅಡ್ಡಲಾಗಿ 1ಎನ್4007 ಡಯೋಡ್, ಗೆರೆ ಇರುವ ತುದಿ ಪ್ಲಸ್ ಕಡೆಗೆ.

25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ ಥರ್ಮಿಸ್ಟರ್ 50 ಡಿಗ್ರಿಗೆ ಸುಮಾರು 3.6 ಕಿಲೋ ಓಮಿಗೆ ಇಳಿಯುತ್ತದೆ. ಆಗ ಗೇಟ್ ವೋಲ್ಟೇಜ್ ಏರಿ ಫ್ಯಾನ್ ವೇಗ ಜಾಸ್ತಿಯಾಗುತ್ತದೆ. ತಣ್ಣಗಿರುವಾಗ ಗೇಟಿಗೆ 3 ವೋಲ್ಟ್ ಆಸುಪಾಸು ಸಿಗುವಂತೆ ಪ್ರಿಸೆಟ್ ತಿರುಗಿಸಿ, ಆಮೇಲೆ ಫ್ಯಾನ್ ನೋಡಿಕೊಂಡು ಸ್ವಲ್ಪ ಆಚೀಚೆ ಮಾಡಿ.

ಅರ್ಧ ವೇಗದಲ್ಲಿ ಮಾಸ್‌ಫೆಟ್ ಬಿಸಿಯಾಗುತ್ತದೆ, ಚಿಕ್ಕ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇರಲಿ. ಮನೆಯ 230 ವೋಲ್ಟ್ ಸೀಲಿಂಗ್ ಫ್ಯಾನಿಗೆ ಮಾತ್ರ ಇದನ್ನು ಜೋಡಿಸಲೇಬೇಡಿ.