ಮೊಬೈಲ್ ತಕರಾರು: ಕದ್ದು ಕೇಳುವ ಫೋನ್, ಕೂಗದ ಅಲಾರಾಂ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅನುಮಾನದ ಪತ್ರಗಳು. ಫೋನ್ ಕದ್ದು ಕೇಳುತ್ತದೆ, ಕಂಪನಿ ಬೇಕೆಂದೇ ನಿಧಾನ ಮಾಡುತ್ತದೆ, ಆ್ಯಪ್ ಬರೆಯುವವರಿಗೆ ಬುದ್ಧಿ ಇಲ್ಲ. ಶಿವಮೊಗ್ಗದಲ್ಲಿ ಕುಳಿತು ಆ್ಯಪ್ ಬರೆದೇ ಹೊಟ್ಟೆ ಹೊರೆಯುವವಳು ನಾನು, ಆದ್ದರಿಂದ ಮೂರನೆಯ ಆರೋಪ ನೇರವಾಗಿ ನನ್ನ ಬಾಗಿಲಿಗೇ ಬರುತ್ತದೆ. ಉತ್ತರಗಳಲ್ಲಿ ಅಲ್ಲಲ್ಲಿ ವಕಾಲತ್ತಿನ ವಾಸನೆ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಊಟಕ್ಕೆ ಕುಳಿತಾಗ ನಾನೂ ನನ್ನ ಹೆಂಡತಿಯೂ, ನೆಲದಲ್ಲೇ ನಿಂತು ಅಡಿಕೆ ಇಳಿಸುವ ಫೈಬರ್ ದೋಟಿ ಕೊಳ್ಳುವ ವಿಚಾರ ಮಾತಾಡಿದೆವು. ಯಾವ ಫೋನಿನಲ್ಲೂ ಹುಡುಕಿಲ್ಲ, ಯಾರಿಗೂ ಬರೆದಿಲ್ಲ. ಸಂಜೆ ಫೇಸ್‌ಬುಕ್ ತೆರೆದರೆ ದೋಟಿಯ ಜಾಹೀರಾತು! ಫೋನ್ ನಮ್ಮ ಮಾತು ಕೇಳುವುದಿಲ್ಲ ಎಂದು ಇನ್ನೂ ಹೇಳುತ್ತೀರಾ?
(ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ಹೇಳುತ್ತೇನೆ. ನಿಮ್ಮ ಅನುಮಾನದಲ್ಲಿ ಹುರುಳಿದೆ, ಆದರೆ ನೀವು ಹಿಡಿದಿರುವುದು ತಪ್ಪು ಆಸಾಮಿಯನ್ನು.

ದಿನವಿಡೀ ಮೈಕ್ ತೆರೆದಿಟ್ಟು ಕೋಟಿಗಟ್ಟಲೆ ಮನೆಗಳ ಮಾತನ್ನು ಸಾಗಿಸುತ್ತಿದ್ದರೆ ಬ್ಯಾಟರಿಯೂ ಡೇಟಾ ಲೆಕ್ಕವೂ ಅದನ್ನು ಎಂದೋ ಬಯಲು ಮಾಡುತ್ತಿದ್ದವು. ‘ಹೇ ಗೂಗಲ್’ ಎಂದಾಗ ಓಗೊಡುತ್ತದಲ್ಲ ಎನ್ನುತ್ತೀರಿ. ಆ ಎರಡು ಪದಗಳಿಗಾಗಿ ಕಾಯುವ ಕೆಲಸ ಫೋನಿನ ಒಳಗೇ ನಡೆಯುತ್ತದೆ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದರು. ಧ್ವನಿಯನ್ನು ಕದ್ದು ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಆದರೆ ಬಳಸುವವರಿಗೆ ತಿಳಿಸದೆ ಪರದೆಯ ಮೇಲೆ ನಡೆಯುವುದನ್ನೆಲ್ಲ ಚಿತ್ರೀಕರಿಸಿ ಹೊರಗಿನ ಕಂಪನಿಗೆ ಕಳಿಸುವ ಕಳ್ಳತನ ಸಿಕ್ಕಿತು. ಎಲ್ಲರೂ ಕಿವಿಯನ್ನು ಶಂಕಿಸುತ್ತಿದ್ದಾಗ ಕೆಲಸ ಮಾಡುತ್ತಿದ್ದದ್ದು ಕಣ್ಣು.

ಇನ್ನು ದೋಟಿ. ನೀವು ಇರುವುದು ಸಾಗರದಲ್ಲಿ ಎಂಬುದು ಫೋನಿಗೆ ಗೊತ್ತು. ತೋಟದ ವಿಡಿಯೊ ನೋಡುತ್ತೀರಿ, ಅದೂ ಗೊತ್ತು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಕಾಲ ಯಾವುದು, ಅಡಿಕೆ ಗೊನೆ ಇಳಿಸುವ ಕಾಲ ಯಾವುದು ಎಂಬುದು ದೋಟಿ ಮಾರುವವನಿಗೆ ಗೊತ್ತು. ನೀವು ಹುಡುಕದಿದ್ದರೂ ನಿಮ್ಮ ಮನೆಯ ವೈಫೈ ಬಳಸುವ ಮಗ ಹುಡುಕಿರಬಹುದು, ಅಥವಾ ನಿಮ್ಮ ನಂಬರು ಉಳಿಸಿಕೊಂಡಿರುವ ಪಕ್ಕದ ತೋಟದವರು ಈಗಾಗಲೇ ಒಂದನ್ನು ತರಿಸಿರಬಹುದು. ಮರ ಹತ್ತುವವರು ಸಿಗದ ಊರಿನಲ್ಲಿ ಅಡಿಕೆ ಬೆಳೆಗಾರನಿಗೆ ದೋಟಿ ತೋರಿಸಲು ಕದ್ದು ಕೇಳಬೇಕೇ? ಆ ಜಾಹೀರಾತು ಹಿಂದಿನ ವಾರವೂ ನಿಮ್ಮ ಹೆಬ್ಬೆರಳಿನ ಕೆಳಗೆ ಹಾದುಹೋಗಿರುವ ಸಂಭವವಿದೆ. ಅಂದು ನೀವು ಅದನ್ನು ನೋಡಲಿಲ್ಲ, ಅಷ್ಟೆ. ಮಾತು ಕೇಳದೆಯೇ ಇಷ್ಟು ಸರಿಯಾಗಿ ಊಹಿಸುತ್ತಾರಲ್ಲ, ನನಗೆ ಹೆದರಿಕೆ ಹುಟ್ಟಿಸುವುದು ಅದು.

ಮಾಡಬೇಕಾದ್ದು: ಆಂಡ್ರಾಯ್ಡ್ 12 ಅಥವಾ ಅದರ ನಂತರದ್ದಾದರೆ, ಯಾವುದೇ ಆ್ಯಪ್ ಮೈಕ್ ತೆರೆದ ಕೂಡಲೇ ಪರದೆಯ ಬಲ ಮೂಲೆಯಲ್ಲಿ ಹಸಿರು ಗುರುತು ಕಾಣಿಸುತ್ತದೆ. ಐಫೋನಿನಲ್ಲಿ ಮೈಕಿಗೆ ಕಿತ್ತಳೆ ಚುಕ್ಕೆ. ಆಂಡ್ರಾಯ್ಡಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತಿನ ವಿಭಾಗಕ್ಕೆ ಹೋಗಿ, ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸಲು ಬಳಸುವ ಅಡ್ವರ್ಟೈಸಿಂಗ್ ಐಡಿಯನ್ನು ಅಳಿಸಿ. ಟಾರ್ಚ್ ಆ್ಯಪಿಗೆ ನೀವೇ ಕೊಟ್ಟಿರುವ ಲೊಕೇಶನ್ ಅನುಮತಿಯನ್ನು ಕಿತ್ತುಕೊಳ್ಳಿ. ದೋಟಿ ಮಾತ್ರ ಕೊಳ್ಳಿ, ಒಳ್ಳೆಯ ವಸ್ತು.

ಪ್ರಶ್ನೆ: ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಫೋನ್ ಸಿಡಿಯುತ್ತದೆಯೇ?
(ಪಿಯುಸಿ ವಿದ್ಯಾರ್ಥಿ, ಹಾವೇರಿ)

ಉತ್ತರ: ಬ್ಯಾಟರಿ ತುಂಬಿದ ಮೇಲೆ ಒಳಗಿನ ಚಿಪ್ ತಾನೇ ಚಾರ್ಜ್ ನಿಲ್ಲಿಸುತ್ತದೆ. ಬ್ಯಾಟರಿಗೆ ವಯಸ್ಸಾಗಿಸುವುದು ಶಾಖ ಮತ್ತು ಸದಾ ನೂರರಲ್ಲಿ ಇರುವುದು. ಈಗಿನ ಬಹಳಷ್ಟು ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ, ಹಾಕಿಕೊಳ್ಳಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದನ್ನು ಇವತ್ತೇ ಬಿಡಿ.

ಪ್ರಶ್ನೆ: ಅಮ್ಮನಿಗೆ ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ. ನೆನಪಿಸುವ ಆ್ಯಪ್ ಹಾಕಿಕೊಟ್ಟೆ. ಮೊದಮೊದಲು ಸರಿಯಾಗಿ ಕೂಗುತ್ತಿತ್ತು, ಈಗ ಕೂಗಿದರೆ ಕೂಗಿತು. ಕೆಲವು ದಿನ ಎಂಟು ಗಂಟೆಗೆ ಅಮ್ಮ ಫೋನ್ ಕೈಗೆತ್ತಿಕೊಂಡ ಕೂಡಲೇ ಆರು ಗಂಟೆಯ ಅಲಾರಾಂ ಹೊಡೆಯುತ್ತದೆ. ಇಂಥ ಆ್ಯಪ್ ಬರೆಯುವವರಿಗೆ ಗಡಿಯಾರ ನೋಡಲು ಬರುವುದಿಲ್ಲವೇ?
(ಶಿಕ್ಷಕಿ, ದಾವಣಗೆರೆ)

ಉತ್ತರ: ಬರುತ್ತದೆ ತಾಯಿ. ಕೈಗೆತ್ತಿಕೊಂಡ ಕೂಡಲೇ ಹೊಡೆಯುತ್ತದೆ ಎಂದು ಬರೆದಿರಲ್ಲ, ರೋಗ ಅಲ್ಲೇ ಇದೆ.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ‘ಡೋಜ್’ ಎಂಬ ಏರ್ಪಾಡು ಇದೆ. ಚಾರ್ಜರ್ ಚುಚ್ಚಿಲ್ಲ, ಪರದೆ ಆರಿದೆ, ಫೋನ್ ಅಲುಗದೆ ಬಿದ್ದಿದೆ ಎಂದರೆ ಆ್ಯಪ್‌ಗಳನ್ನೆಲ್ಲ ಮಲಗಿಸಿಬಿಡುತ್ತದೆ. ನಡುನಡುವೆ ಸ್ವಲ್ಪ ಹೊತ್ತು ಎಬ್ಬಿಸಿ, ಬಾಕಿ ಕೆಲಸ ಮುಗಿಸಿಕೊಳ್ಳಿ ಎಂದು ಬಿಟ್ಟು, ಮತ್ತೆ ಮಲಗಿಸುತ್ತದೆ. ರಾತ್ರಿಯಿಡೀ ಮೇಜಿನ ಮೇಲೆ ಬಿದ್ದಿರುವ ಅಮ್ಮನ ಫೋನ್ ಅದರ ಪಾಲಿಗೆ ಆದರ್ಶ ಫೋನ್. ಇದಾದರೂ ನಿಯಮ ತಿಳಿದ ಆಟ. ಸರಿಯಾದ ಬಗೆಯ ಅಲಾರಾಂ ಕೇಳಿಕೊಂಡರೆ ಡೋಜ್ ದಾರಿ ಬಿಡುತ್ತದೆ. ಆದರೆ ಪೆಟ್ಟಿಗೆಯ ಮೇಲೆ ‘ಎರಡು ದಿನ ಬ್ಯಾಟರಿ’ ಎಂದು ಅಚ್ಚು ಹಾಕಿಸುವ ಆಸೆಗೆ ಕೆಲವು ತಯಾರಕರು ಇದರ ಮೇಲೆ ತಮ್ಮದೇ ಕತ್ತರಿ ಇಟ್ಟುಕೊಂಡಿದ್ದಾರೆ. ಕೆಲವು ದಿನ ತೆರೆಯದ ಆ್ಯಪನ್ನು ಆ ಕತ್ತರಿ ಹಿಂದೆಮುಂದೆ ನೋಡದೆ ನಿಲ್ಲಿಸುತ್ತದೆ, ನಿಲ್ಲಿಸಿದಾಗ ಆ ಆ್ಯಪ್ ಇಟ್ಟ ಅಲಾರಾಂ ಕೂಡ ಅಳಿದುಹೋಗುತ್ತದೆ. ಮಾತ್ರೆಯ ಆ್ಯಪನ್ನು ಯಾರು ದಿನಾ ತೆರೆದು ನೋಡುತ್ತಾರೆ? ಇದರಿಂದ ರೋಸಿಹೋದ ಆ್ಯಪ್ ಬರಹಗಾರರು ‘ಡೋಂಟ್ ಕಿಲ್ ಮೈ ಆ್ಯಪ್’ ಎಂಬ ತಾಣವನ್ನೇ ಕಟ್ಟಿ ಯಾವ ತಯಾರಕರು ಎಷ್ಟು ಕ್ರೂರಿಗಳು ಎಂದು ಪಟ್ಟಿ ಹಾಕಿದ್ದಾರೆ. ಸಾಲದ್ದಕ್ಕೆ, 2023ರ ಆಂಡ್ರಾಯ್ಡ್ 14ರಿಂದ, ಹೊಸದಾಗಿ ಹಾಕಿಕೊಂಡ ಬಹುತೇಕ ಆ್ಯಪ್‌ಗಳಿಗೆ ಕರಾರುವಾಕ್ಕಾದ ಹೊತ್ತಿಗೆ ಎಚ್ಚರಗೊಳ್ಳುವ ಅನುಮತಿ ತಾನಾಗಿ ಸಿಗುವುದಿಲ್ಲ. ನೀವು ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು.

ನಮ್ಮ ಕಚೇರಿಯಲ್ಲಿ ಬೇರೆ ಬೇರೆ ಕಂಪನಿಯ ಫೋನುಗಳನ್ನು ಸಾಲಾಗಿಟ್ಟು, ಒಂದೇ ಹೊತ್ತಿಗೆ ಅಲಾರಾಂ ಹಾಕಿ ಮನೆಗೆ ಹೋಗುವುದುಂಟು. ಎಲ್ಲದರಲ್ಲೂ ಅದೇ ಆ್ಯಪ್, ಅದೇ ಕೋಡಿನ ಸಾಲುಗಳು. ಬೆಳಿಗ್ಗೆ ದಾಖಲೆ ತೆಗೆದರೆ ಒಂದು ಹೊತ್ತಿಗೆ ಸರಿಯಾಗಿ ಕೂಗಿದೆ, ಒಂದು ತಡವಾಗಿ ಕೂಗಿದೆ. ಇನ್ನೊಂದು ಇಡೀ ರಾತ್ರಿ ಸುಮ್ಮನಿದ್ದು, ಕಸ ಗುಡಿಸಲು ಬಂದವರ ಕೈ ಮೇಜಿಗೆ ತಾಗಿದ್ದೇ ತಡ ಅರಚಿಕೊಳ್ಳುತ್ತದೆ. ಒಂದು ನಕ್ಷತ್ರ ಪಡೆದು ‘ದರಿದ್ರ ಆ್ಯಪ್’ ಎಂದು ಬರೆಸಿಕೊಳ್ಳುವವರು ಮಾತ್ರ ನಾವು.

ಅಮ್ಮನ ವಿಷಯಕ್ಕೆ ಬರೋಣ. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗ್ ‘ಅನ್‌ರಿಸ್ಟ್ರಿಕ್ಟೆಡ್’ ಆಗಿರಲಿ, ‘ಆಟೊಸ್ಟಾರ್ಟ್’ ಎಂಬುದು ಇದ್ದರೆ ಚಾಲೂ ಇರಲಿ. ಅದಕ್ಕಿಂತ ಸುಲಭದ ದಾರಿ ಫೋನಿನ ಜೊತೆಗೇ ಬಂದ ಗಡಿಯಾರದಲ್ಲಿ ಆರು ಗಂಟೆಯ ಅಲಾರಾಂ ಇಟ್ಟು ‘ಥೈರಾಯ್ಡ್ ಮಾತ್ರೆ’ ಎಂದು ಹೆಸರು ಕೊಡುವುದು. ಯಾವ ತಯಾರಕನೂ ತನ್ನ ಗಡಿಯಾರದ ಕತ್ತು ತಾನೇ ಹಿಸುಕುವುದಿಲ್ಲ.

ಪ್ರಶ್ನೆ: ಹೊಸ ಮಾದರಿ ಬರುವ ಹೊತ್ತಿಗೆ ಸರಿಯಾಗಿ ಹಳೆಯ ಫೋನ್ ನಿಧಾನವಾಗುತ್ತದೆ. ಇದು ಕಂಪನಿಗಳ ಪಿತೂರಿ ಎನ್ನುತ್ತಾರೆ ನಮ್ಮ ಸ್ಟ್ಯಾಂಡಿನಲ್ಲಿ.
(ಆಟೊ ಚಾಲಕರು, ಮಂಡ್ಯ)

ಉತ್ತರ: ನಿಮ್ಮ ಸ್ಟ್ಯಾಂಡಿನ ಪರವಾಗಿ ಒಂದು ಸಾಕ್ಷಿ ಇದೆ. ಹಳೆಯ ಐಫೋನುಗಳ ವೇಗವನ್ನು ತಗ್ಗಿಸಿದ್ದು ನಿಜ ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಮುದಿ ಬ್ಯಾಟರಿ ಒಮ್ಮೆಲೇ ಕೇಳಿದಷ್ಟು ವಿದ್ಯುತ್ ಕೊಡಲಾರದೆ ಫೋನ್ ಏಕಾಏಕಿ ಆರಿಹೋಗುತ್ತದೆ, ಅದನ್ನು ತಪ್ಪಿಸಲು ಹಾಗೆ ಮಾಡಿದೆವು ಎಂದಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಕಾರಣ ಸರಿಯೇ. ಗಿರಾಕಿಗೆ ಹೇಳದೆ ಮಾಡಿದ್ದಕ್ಕೆ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. ಬ್ಯಾಟರಿ ಬದಲಿಸಿದರೆ ಹಳೆಯ ವೇಗ ವಾಪಸು ಬರುತ್ತದೆ ಎಂದು ತಿಳಿಯದೆ ಹೊಸ ಫೋನ್ ಕೊಂಡವರ ಸಿಟ್ಟು ನ್ಯಾಯವಾದದ್ದು.

ಆದರೆ ನಿಮ್ಮ ಫೋನ್ ಆಟೊ ಹ್ಯಾಂಡಲಿನ ಮೇಲೆ ಬಿಸಿಲಿಗೆ ಮುಖ ಮಾಡಿ, ನಕ್ಷೆ ತೋರಿಸುತ್ತಾ, ಬಾಡಿಗೆಯ ಕರೆ ಹಿಡಿಯುತ್ತಾ, ಚಾರ್ಜೂ ಆಗುತ್ತಾ ಇರುತ್ತದೆ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನೆರಳಿಗೆ ಸರಿಸಿ ನೋಡಿ. ಇನ್ನೊಂದು ಕಾರಣ ನಮ್ಮ ಕಸುಬಿನದು. ಆ್ಯಪ್ ಬರೆಯುವವರ ಕೈಯಲ್ಲಿ ಹೊಸ ಫೋನ್ ಇರುತ್ತದೆ, ಅವರಿಗೆ ಎಲ್ಲವೂ ಬೆಣ್ಣೆಯಂತೆ ಜಾರುತ್ತದೆ. ಪ್ರತಿ ಅಪ್‌ಡೇಟಿಗೂ ಆ್ಯಪ್ ಒಂದಿಷ್ಟು ದಪ್ಪವಾಗುತ್ತದೆ, ನಿಮ್ಮ ಮೂರು ಜಿಬಿ ರ್‍ಯಾಮ್ ಅಷ್ಟೇ ಇರುತ್ತದೆ. ಇದನ್ನು ಪಿತೂರಿ ಎಂದು ಕರೆದರೆ ಅತಿ ಗೌರವ ಕೊಟ್ಟಂತೆ. ಬೇಜವಾಬ್ದಾರಿ, ಅಷ್ಟೆ.

ಪ್ರಶ್ನೆ: ಸಂಘದ ಕಾರ್ಯಕ್ರಮದ ಪ್ರಮಾಣಪತ್ರವನ್ನು ಒಂದು ಆ್ಯಪಿನಲ್ಲಿ ತಯಾರಿಸಿದೆವು. ಪರದೆಯ ಮೇಲೆ ಕನ್ನಡ ಚೆನ್ನಾಗಿತ್ತು, ಪಿಡಿಎಫ್ ತೆಗೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ. ಇಷ್ಟು ಕಾಲವಾದರೂ ಈ ಗೋಳು ಏಕೆ?
(ನಿವೃತ್ತ ಉಪನ್ಯಾಸಕರು, ಚಾಮರಾಜನಗರ)

ಉತ್ತರ: ಫೋನಿನ ನೆನಪಿನಲ್ಲಿ ‘ರಾಷ್ಟ್ರ’ ಎಂಬುದು ಏಳು ತುಂಡುಗಳಾಗಿ ಕುಳಿತಿರುತ್ತದೆ: ರ, ದೀರ್ಘದ ಚಿಹ್ನೆ, ಷ, ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಟ, ಮತ್ತೆ ಹಲಂತ, ರ. ಇವನ್ನು ಜೋಡಿಸಿ, ಟಕಾರವನ್ನೂ ರಕಾರವನ್ನೂ ಷಕಾರದ ಕೆಳಗೆ ಒತ್ತಾಗಿ ಕೂರಿಸುವುದು ಪ್ರತ್ಯೇಕ ತಂತ್ರಾಂಶದ ಕೆಲಸ. ಆಂಡ್ರಾಯ್ಡಿನಲ್ಲಿ ಹಾರ್ಫ್‌ಬಜ್ ಎಂಬುದು ಅದನ್ನು ಮಾಡುತ್ತದೆ, ಆದ್ದರಿಂದ ಪರದೆಯ ಮೇಲೆ ಸರಿ ಇತ್ತು. ಪಿಡಿಎಫ್ ಮಾಡಲು ಆ ಆ್ಯಪಿನವರು ಅಗ್ಗದ ಉಪಕರಣವನ್ನು ಬಳಸಿದ್ದಾರೆ. ಅದು ಇಂಗ್ಲಿಷಿನಂತೆ ಒಂದರ ಪಕ್ಕ ಒಂದನ್ನು ಇಟ್ಟು ಕೈತೊಳೆದುಕೊಂಡಿದೆ. ಪರಿಹಾರ ಬೇಕಾದಷ್ಟಿದೆ, ಬಳಸುವ ಮನಸ್ಸಿಲ್ಲ. ಪರೀಕ್ಷೆ ಮಾಡುವಾಗ ‘ನಮಸ್ಕಾರ’ ಎಂದು ಬರೆದು ನೋಡಿ, ಒಂದು ಒತ್ತು ಸರಿ ಬಂದರೆ ಕನ್ನಡ ಮುಗಿಯಿತು ಎನ್ನುವವರಿದ್ದಾರೆ. ನಾನು ‘ವೈಶಿಷ್ಟ್ಯ’, ‘ಸ್ತ್ರೀ’, ‘ಅರ್ಕಾವತಿ’ ಬರೆದು ನೋಡಿ ಎನ್ನುತ್ತೇನೆ. ಅರ್ಕಾವೊತ್ತು ಬಂದಲ್ಲಿ ಬಹಳ ಜನರ ಬಂಡವಾಳ ಹೊರಬೀಳುತ್ತದೆ.

ದೊಡ್ಡವರೂ ಎಡವಿದ್ದಾರೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್ ಕುಸಿದುಬೀಳುತ್ತಿತ್ತು. ಅದನ್ನು ಸರಿಪಡಿಸಲೆಂದೇ ಐಒಎಸ್ 11.2.6 ಬಂತು. ಸದ್ಯಕ್ಕೆ ನೀವು ಪ್ರಮಾಣಪತ್ರವನ್ನು ಪರದೆಯ ಚಿತ್ರವಾಗಿ ತೆಗೆದು ಮುದ್ರಿಸಿ, ಆ ಆ್ಯಪಿನವರಿಗೆ ಹಾಳಾದ ಪಿಡಿಎಫ್ ಕಳಿಸಿ.

ಪ್ರಶ್ನೆ: ವಾಟ್ಸ್‌ಆ್ಯಪಿನಲ್ಲಿ ಬಂದ ಮದುವೆ ಕರೆಯೋಲೆ ಒತ್ತಿದೆ. ಏನೋ ಇನ್‌ಸ್ಟಾಲ್ ಆಯಿತು, ಕರೆಯೋಲೆ ಕಾಣಲಿಲ್ಲ. ತೊಂದರೆಯೇ?
(ಗೃಹಿಣಿ, ಹಾಸನ)

ಉತ್ತರ: ತೊಂದರೆಯೇ. ಈ ಪತ್ರಕ್ಕೆ ಆಗಲೇ ಫೋನ್ ಮಾಡಿ ಹೇಳಿದ್ದೇನೆ, ಉಳಿದವರಿಗಾಗಿ ಇಲ್ಲಿ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ವಿಡಿಯೊ ಆಗಿ ಬರುತ್ತದೆ. ‘ಎಪಿಕೆ’ ಎಂದು ಕೊನೆಯಾಗುವ ಫೈಲ್ ಆಗಿ ಬಂದರೆ ಅದು ಆ್ಯಪ್, ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯಲು ಬಂದದ್ದು. ಮೊದಲು ಏರೋಪ್ಲೇನ್ ಮೋಡ್ ಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ. ಕಳಿಸಿದ ನೆಂಟರನ್ನು ಬೈಯಬೇಡಿ, ಅವರ ಫೋನೂ ಹೀಗೇ ಹೋಗಿರುತ್ತದೆ.

ಪ್ರಶ್ನೆ: ನಮ್ಮೂರ ಹಾಲಿನ ಡೇರಿಗೆ ಆ್ಯಪ್ ಬರೆದಿದ್ದೇನೆ. ಪ್ಲೇ ಸ್ಟೋರಿಗೆ ಹಾಕಲು ಹೋದರೆ ಹನ್ನೆರಡು ಜನ ಪರೀಕ್ಷಕರು ಬೇಕಂತೆ. ದುಡ್ಡು ಕೊಟ್ಟರೆ ಪರೀಕ್ಷಕರನ್ನು ಒದಗಿಸುತ್ತೇವೆ ಎನ್ನುವವರು ಸಿಕ್ಕಿದ್ದಾರೆ. ಕೊಡಲೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಗದಗ)

ಉತ್ತರ: ಕೊಡಬೇಡ. ನೋಂದಣಿಗೆ 25 ಡಾಲರ್ ಆಗಲೇ ಕಟ್ಟಿದ್ದೀಯ, ಸಾಕು. 2023ರ ನವೆಂಬರಿನ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಈ ನಿಯಮ ಬಂತು. ಮೊದಲು ಇಪ್ಪತ್ತು ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಹನ್ನೆರಡಕ್ಕೆ ಇಳಿಸಿದರು. ಅವರು ಹದಿನಾಲ್ಕು ದಿನ ಬಿಡದೆ ಪರೀಕ್ಷೆಯಲ್ಲಿ ಇರಬೇಕು. ಹನ್ನೆರಡೇ ಜನರನ್ನು ಸೇರಿಸಿಕೊಂಡರೆ ನಡುವೆ ಯಾರಾದರೂ ಆ್ಯಪ್ ಕಿತ್ತುಹಾಕಿ ಕೈಕೊಡುತ್ತಾರೆ, ಆದ್ದರಿಂದ ಹೆಚ್ಚಿಗೆ ಜನ ಇರಲಿ. ಬೀದಿ ಬದಿಯ ಸಣ್ಣವರಿಗೆ ಇದು ಕಿರಿಕಿರಿ, ನನಗೂ ಇಷ್ಟವಿಲ್ಲ. ದುಡ್ಡಿದ್ದ ವಂಚಕ ಪರೀಕ್ಷಕರನ್ನು ಕೊಳ್ಳುತ್ತಾನೆ, ಹಳ್ಳಿಯ ಹುಡುಗ ಒದ್ದಾಡುತ್ತಾನೆ.

ಆದರೆ ನಿನಗೆ ಒಂದು ಅದೃಷ್ಟ ಇದೆ: ಡೇರಿಯ ಮುಂದೆ ಬೆಳಿಗ್ಗೆ ಕ್ಯಾನ್ ಹಿಡಿದು ನಿಲ್ಲುವ ಸಾಲು. ಪರೀಕ್ಷಕರು ಅಲ್ಲೇ ಇದ್ದಾರೆ. ಕಾರ್ಯದರ್ಶಿಯ ಫೋನಿನಲ್ಲಿ ಹಾಕಿಕೊಟ್ಟು ಪಕ್ಕಕ್ಕೆ ನಿಂತು ನೋಡು. ಅವರ ಬೆರಳು ಹಾಲಿನಲ್ಲಿ ಒದ್ದೆಯಾಗಿರುತ್ತದೆ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ, ನಿನ್ನ ಪುಟ್ಟ ಗುಂಡಿಗಳು ಅಲ್ಲೇ ಸೋಲುತ್ತವೆ. ಎಮ್ಮೆ ಹಾಲಿನ ಫ್ಯಾಟ್ 7.2 ಎಂದು ಬರೆಯಲು ಹೋಗಿ ಚುಕ್ಕೆ ಬೀಳದೆ 72 ಎಂದಾದರೆ ನಿನ್ನ ಆ್ಯಪ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆಯೇ? ಒಪ್ಪಿಕೊಂಡರೆ ಮೊದಲು ಅದನ್ನು ಸರಿಪಡಿಸು, ನೆಟ್‌ವರ್ಕ್ ಇಲ್ಲದಾಗ ಲೆಕ್ಕ ಎಲ್ಲಿ ಉಳಿಯುತ್ತದೆ ಎಂಬುದನ್ನೂ ನೋಡಿಕೋ. ದುಡ್ಡಿಗೆ ಸಿಗುವ ಪರೀಕ್ಷಕರು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ‘ನಮ್ಮ ಆ್ಯಪ್ ಇಷ್ಟವಾಯಿತೇ?’ ಎಂದು ಪದೇ ಪದೇ ಪೀಡಿಸುತ್ತದೆ. ಐದು ನಕ್ಷತ್ರ ಕೊಟ್ಟರೆ ನಿಲ್ಲುತ್ತದೆಯೇ?
(ಔಷಧಿ ಅಂಗಡಿಯವರು, ಉಡುಪಿ)

ಉತ್ತರ: ಆ ಪ್ರಶ್ನೆ ಒಂದು ಜರಡಿ. ‘ಹೌದು’ ಎಂದವರನ್ನು ನಕ್ಷತ್ರ ಕೊಡುವ ಜಾಗಕ್ಕೆ ಕರೆದೊಯ್ಯುತ್ತಾರೆ, ‘ಇಲ್ಲ’ ಎಂದವರನ್ನು ಯಾರೂ ಓದದ ದೂರಿನ ಪೆಟ್ಟಿಗೆಯ ಮುಂದೆ ನಿಲ್ಲಿಸುತ್ತಾರೆ. ನಕ್ಷತ್ರ ಕೇಳುವ ಮೊದಲು ಇಂಥ ಪ್ರಶ್ನೆ ಹಾಕಬಾರದು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ, ಕೇಳುವವರು ಕಡಿಮೆ. ನೀವು ‘ಇಲ್ಲ’ ಒತ್ತಿ, ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದು, ಆಮೇಲೆ ಪ್ಲೇ ಸ್ಟೋರಿಗೆ ನೀವೇ ನಡೆದುಹೋಗಿ ಅದೇ ಸಾಲನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಕನ್ನಡದಲ್ಲೇ ಹಾಕಿ.