ಎಫ್1, ಎಫ್3 ಒತ್ತುವುದನ್ನು ಮೊದಲು ನಿಲ್ಲಿಸಿ

ಸೇನೆಯನ್ನೂ ನಡೆಸಬೇಕು, ತಾನೂ ಕತ್ತಿ ಹಿಡಿದು ಇಳಿಯಬೇಕು ಎನ್ನುವ ಕಂಪ್ಯೂಟರ್ ಆಟಗಳ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಹೆಚ್ಚಿನವು ‘ಮೌಂಟ್ ಅಂಡ್ ಬ್ಲೇಡ್ 2: ಬ್ಯಾನರ್‌ಲಾರ್ಡ್’ ಕುರಿತವು, ಅದರಲ್ಲೂ ಮೊದಲನೆಯ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಇನ್ನೊಮ್ಮೆ ಕೇಳುವ ಅಗತ್ಯ ಬೀಳಬಾರದೆಂದು ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕುದುರೆ ಏರುವುದು, ಹಳ್ಳಿಯಲ್ಲಿ ಆಳು ಸೇರಿಸುವುದು ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಬಳಿ 120 ಸೈನಿಕರು, ಎದುರಿಗೆ 100. ನಾನೊಬ್ಬನೇ 25 ಮಂದಿಯನ್ನು ಕಡಿದು ಹಾಕುತ್ತೇನೆ. ಆದರೂ ಯುದ್ಧ ಮುಗಿಯುವಾಗ ನನ್ನ ಕಡೆ ಹತ್ತಿಪ್ಪತ್ತು ಜನ ಉಳಿದಿರುತ್ತಾರೆ, ಒಮ್ಮೊಮ್ಮೆ ಸೋಲುತ್ತೇನೆ. ಇನ್ನೂ ಒಳ್ಳೆಯ ಕತ್ತಿ ಕೊಳ್ಳಬೇಕೆ?
– ಗೋಣಿಕೊಪ್ಪಲು

ಕತ್ತಿಯಿಂದ ಏನೂ ಆಗದು. ಯುದ್ಧ ಶುರುವಾದ ಕೂಡಲೇ ನೀವು ಎಫ್1 ಒತ್ತಿ ಎಫ್3 ಒತ್ತುತ್ತೀರಿ, ಅಂದರೆ ‘ಎಲ್ಲರೂ ನುಗ್ಗಿ’. ಸೋಲು ಅಲ್ಲೇ ಇದೆ. ಹಾಕಿಯಲ್ಲಿ ಹನ್ನೊಂದು ಮಂದಿಯೂ ಚೆಂಡಿನ ಹಿಂದೆ ಓಡಿದರೆ ಏನಾಗುತ್ತದೆಂದು ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಇಲ್ಲೂ ಆಗುವುದು ಅದೇ.

ನುಗ್ಗುವ ಆಜ್ಞೆ ಬಿದ್ದೊಡನೆ ಪ್ರತಿ ದಳವೂ ತನ್ನ ತನ್ನ ವೇಗದಲ್ಲಿ ಹೊರಡುತ್ತದೆ. ಮೊದಲು ಮುಟ್ಟುವುದು ಕುದುರೆ ಸವಾರರು. ಎದುರಿಗೆ ಇನ್ನೂ ಅಲುಗದೆ ನಿಂತಿರುವ ಈಟಿ, ಗುರಾಣಿಗಳ ಸಾಲಿಗೆ ಅವರು ಹೊಕ್ಕು ನಿಂತುಬಿಡುತ್ತಾರೆ. ನಿಂತ ಕುದುರೆಯೆಂದರೆ ಸುಲಭದ ಗುರಿ. ಅವರು ಅರ್ಧ ಸತ್ತ ಮೇಲೆ ನಿಮ್ಮ ಕಾಲಾಳುಗಳು ಬರುತ್ತಾರೆ, ಅದೂ ಸಾಲಾಗಿ ಅಲ್ಲ. ವೇಗದವರು ಮುಂದೆ, ಭಾರದ ಕವಚದವರು ಹಿಂದೆ. ಒಬ್ಬೊಬ್ಬರನ್ನು ಮೂರು ಮೂರು ಮಂದಿ ಸುತ್ತುವರಿಯುತ್ತಾರೆ. ಬಿಲ್ಲುಗಾರರೂ ಅದೇ ಆಜ್ಞೆಗೆ ಸಿಕ್ಕಿ ಮುಂದೆ ಸಾಗಿ ಕೈಕೈ ಮಿಲಾಯಿಸುವ ಜಾಗಕ್ಕೆ ಬಂದುಬಿಡುತ್ತಾರೆ. ನೀವು ಕಡಿದ 25 ಮಂದಿ ಈ ನಷ್ಟವನ್ನು ತುಂಬುವುದಿಲ್ಲ.

ಹಾಗಾದರೆ ಏನು ಮಾಡಬೇಕು? 1 ಒತ್ತಿದರೆ ಕಾಲಾಳು, 2 ಬಿಲ್ಲುಗಾರರು, 3 ಕುದುರೆ ಸವಾರರು, 4 ಕುದುರೆ ಮೇಲಿನ ಬಿಲ್ಲುಗಾರರು, 0 ಒತ್ತಿದರೆ ಎಲ್ಲರೂ. ಈ ಐದು ಅಂಕಿ ಬೆರಳಿಗೆ ಹತ್ತದೆ ಆಟ ಕೈಗೆ ಹತ್ತುವುದಿಲ್ಲ. ಆಜ್ಞೆ ಕೊಡುವಾಗ ಗಾಬರಿಯಾಗುತ್ತದೆ ಎನ್ನುವವರು ಸೆಟ್ಟಿಂಗ್ಸ್‌ನಲ್ಲಿ ಆಜ್ಞೆಯ ವೇಳೆ ಆಟ ನಿಧಾನವಾಗುವ ಆಯ್ಕೆಯನ್ನು ಹಾಕಿಕೊಳ್ಳಿ. ಅದರಲ್ಲಿ ನಾಚಿಕೆಯೇನಿಲ್ಲ.

ಮೊದಲು ಜಾಗ. ಏರು ಹುಡುಕಿ. ಶತ್ರು ಹತ್ತಿ ಬರಬೇಕು, ನೀವು ಮೇಲೆ ನಿಂತಿರಬೇಕು. ಏರಿನಲ್ಲಿ ಕುದುರೆಯ ವೇಗ ಕುಗ್ಗುತ್ತದೆ, ಮೇಲಿಂದ ಬಿಟ್ಟ ಬಾಣ ದೂರ ಹೋಗುತ್ತದೆ. ಈ ಆಟದಲ್ಲಿ ವೇಗವೇ ಪೆಟ್ಟಿನ ಬಲ; ಓಡುವ ಕುದುರೆಯ ಮೇಲಿನ ಭರ್ಜಿಗೂ ನಿಂತ ಕುದುರೆಯ ಮೇಲಿನ ಭರ್ಜಿಗೂ ಅಜಗಜಾಂತರ. ನಮ್ಮ ನಾಡಿನ ಕಡಂಗಗಳನ್ನು ನೋಡಿದ್ದೀರಲ್ಲ, ಗುಡ್ಡದ ಉದ್ದಕ್ಕೂ ಆಳದ ಕಂದಕ, ಪಕ್ಕದಲ್ಲಿ ಮಣ್ಣಿನ ದಿಬ್ಬ? ಬಯಲಲ್ಲಿ ಬಲವಾಗಿರುವ ದೊಡ್ಡ ಸೈನ್ಯದ ವೇಗವನ್ನು ಮುರಿಯುವ ಕೆಲಸ ಅದು. ಆಟದಲ್ಲಿ ಕಡಂಗ ತೋಡಲು ಬರುವುದಿಲ್ಲ, ಆದರೆ ತೊರೆಯ ದಡ, ಬಂಡೆ, ಮರಗಳ ಗುಂಪು ಅದೇ ಕೆಲಸ ಮಾಡುತ್ತವೆ. ಎದುರಾಳಿಯಲ್ಲಿ ಕುದುರೆ ಹೆಚ್ಚಿದ್ದರೆ ಕಾಡಿನ ಅಂಚಿಗೆ ಬೆನ್ನು ಕೊಟ್ಟು ನಿಲ್ಲಿ. ಮರಗಳ ನಡುವೆ ಕುದುರೆ ಓಡಲಾರದು.

ಕಾಲಾಳುಗಳನ್ನು ಏರಿನ ಮಧ್ಯಕ್ಕೆ ತಂದು ನಿಲ್ಲಿಸಿ. ನೆಲದ ಮೇಲೆ ಮೌಸ್ ಒತ್ತಿ ಎಳೆದರೆ ಸಾಲಿನ ಅಗಲವನ್ನೂ ಮುಖದ ದಿಕ್ಕನ್ನೂ ಒಟ್ಟಿಗೇ ಗೊತ್ತುಮಾಡಬಹುದು. 60 ಕಾಲಾಳು ಇದ್ದರೆ ಮೂರು ಸಾಲು ಸಾಕು. ಒಂದೇ ಸಾಲಿಗೆ ಎಳೆದರೆ ನಡುವೆ ಹರಿಯುತ್ತದೆ, ಆರು ಸಾಲು ಮಾಡಿದರೆ ಹಿಂದಿನವರ ಕೈಗೆ ಕೆಲಸವಿಲ್ಲ, ಪಕ್ಕಗಳಿಂದ ಸುತ್ತುವರಿಯುತ್ತಾರೆ. ಶತ್ರುವಿನ ಬಾಣ ಬೀಳುತ್ತಿರುವಾಗ ಗುರಾಣಿ ಗೋಡೆ ಕಟ್ಟಿಸಿ. ಎರಡೂ ಸಾಲು ಮುಟ್ಟಿದ ಮೇಲೆ ಮಾಮೂಲಿ ಸಾಲಿಗೆ ಬದಲಿಸಿ, ಏಕೆಂದರೆ ಗುರಾಣಿ ಗೋಡೆಯಲ್ಲಿ ಜೀವ ಉಳಿಯುತ್ತದೆ, ಹೊಡೆತ ಕಡಿಮೆಯಾಗುತ್ತದೆ. ಬಹಳ ಜನ ಇಲ್ಲೇ ಎಡವುತ್ತಾರೆ: ಗೋಡೆ ಕಟ್ಟಿಸಿ ಮರೆತುಬಿಡುತ್ತಾರೆ.

ಬಿಲ್ಲುಗಾರರನ್ನು ಸಮತಟ್ಟಾದ ನೆಲದಲ್ಲಿ ಕಾಲಾಳುಗಳ ಬೆನ್ನಿಗೆ ನಿಲ್ಲಿಸಿದರೆ ಮುಂದಿನವರ ತಲೆಗಳೇ ಅಡ್ಡ. ಒಂದೋ ಏರಿನಲ್ಲಿ ಮೇಲೆ ನಿಲ್ಲಿಸಿ. ಇಲ್ಲವೋ ಮೊದಲು ಮುಂದೆ ಬಿಡಿಬಿಡಿಯಾಗಿ ನಿಲ್ಲಿಸಿ, ಶತ್ರು ನೂರು ಹೆಜ್ಜೆಗೆ ಬಂದಾಗ ಕಾಲಾಳುಗಳ ಪಕ್ಕಕ್ಕೆ ಕರೆಸಿಕೊಳ್ಳಿ. ಹಿಂದಕ್ಕೆ ಕರೆಯಲು ತಡವಾದರೆ ಅವರು ಬೆನ್ನು ತೋರಿಸುತ್ತಲೇ ಸಾಯುತ್ತಾರೆ. ನೂರು ಹೆಜ್ಜೆ ಎಂದರೆ ನೂರು, ಐವತ್ತಕ್ಕೆ ಕಾಯಬೇಡಿ.

ಕುದುರೆ ಸವಾರರನ್ನು ಕಣ್ಣಿಗೆ ಬೀಳದ ಒಂದು ಪಕ್ಕದಲ್ಲಿ, ದಿಬ್ಬದ ಮರೆಯಲ್ಲಿ ಇಟ್ಟುಕೊಳ್ಳಿ. ಶತ್ರುವಿನ ಕಾಲಾಳು ನಿಮ್ಮ ಸಾಲಿಗೆ ಅಂಟಿಕೊಂಡಿದೆ ಎಂದು ಖಚಿತವಾದ ಮೇಲೆಯೇ ಅವರನ್ನು ಸುತ್ತು ಹಾಕಿಸಿ ಶತ್ರುವಿನ ಬೆನ್ನಿಗೆ ಬಿಡಿ. ಎಫ್1, ಎಫ್3 ಬೇಕಾಗುವುದು ಇಲ್ಲಿ, ಅದೂ 3 ಒತ್ತಿದ ನಂತರ. ಹೊಡೆದು ಆಚೆ ಬಂದ ಕೂಡಲೇ ಎಫ್1, ಎಫ್2 ಒತ್ತಿ ‘ನನ್ನ ಹಿಂದೆ ಬನ್ನಿ’ ಎಂದು ಹೊರಗೆ ಎಳೆದುಕೊಳ್ಳಿ, ತಿರುಗಿಸಿ, ಮತ್ತೆ ಬಿಡಿ. ಒಳಗೇ ಬಿಟ್ಟರೆ ಅವರು ನಿಂತು ಕತ್ತಿ ಬೀಸತೊಡಗುತ್ತಾರೆ. ಒಬ್ಬೊಬ್ಬನಿಗೂ ಮೊದಲು ಕುದುರೆ ಹೋಗುತ್ತದೆ, ಆಮೇಲೆ ಜೀವ.

ಇಷ್ಟೂ ಹೊತ್ತು ನೀವು ಎಲ್ಲಿರಬೇಕು? ಬಿಲ್ಲುಗಾರರ ಪಕ್ಕದಲ್ಲಿ, ಕುದುರೆ ಮೇಲೆ, ಮೂರೂ ದಳ ಕಾಣುವ ಕಡೆ. ಆಲ್ಟ್ ಒತ್ತಿ ಹಿಡಿದರೆ ದಳಗಳ ಗುರುತು ತಲೆಯ ಮೇಲೆ ಕಾಣುತ್ತದೆ. ನೀವು ಬಿದ್ದ ಕ್ಷಣಕ್ಕೆ ಸೇನೆ ನಿಮ್ಮ ಮಾತು ಕೇಳುವುದು ನಿಲ್ಲುತ್ತದೆ, ಅಲ್ಲಿಂದ ಕಂಪ್ಯೂಟರ್ ನಡೆಸಿದಂತೆ ನಡೆಯುತ್ತದೆ. ಮೊದಲ ಎರಡು ನಿಮಿಷದಲ್ಲಿ ವೀರಾವೇಶಕ್ಕೆ ಇಳಿದು ಬಿದ್ದವರು ಆಮೇಲೆ ನನಗೆ ಕತ್ತಿಯ ಬೆಲೆ ಕೇಳಿ ಬರೆಯುತ್ತಾರೆ. ಕತ್ತಿ ಎಳೆಯುವ ಹೊತ್ತು ಬರುತ್ತದೆ: ಎದುರಿನ ಸಾಲು ಮುರಿದು ಜನ ಓಡತೊಡಗಿದಾಗ, ಇಲ್ಲವೇ ನಿಮ್ಮ ಸಾಲಿನ ಒಂದು ತುದಿ ಕುಸಿಯುತ್ತಿರುವಾಗ. ಅಲ್ಲಿ ನಿಮ್ಮೊಬ್ಬರ ಕೈ ನಿಜಕ್ಕೂ ಬೆಲೆಬಾಳುತ್ತದೆ.

ಒಂದು ಎಚ್ಚರಿಕೆ. ಆಟದ ರಾಜ್ಯಗಳಲ್ಲೊಂದಾದ ಖುಜೈತ್‌ನ ಸೇನೆ ಎದುರಾದರೆ ಮೇಲಿನದು ಹಾಗೇ ನಡೆಯುವುದಿಲ್ಲ. ಅವರ ಕುದುರೆ ಬಿಲ್ಲುಗಾರರು ಹತ್ತಿರ ಬರುವುದೇ ಇಲ್ಲ, ಸುತ್ತುತ್ತಾ ಹೊಡೆಯುತ್ತಾರೆ. ಅವರ ಹಿಂದೆ ನಿಮ್ಮ ಸವಾರರನ್ನು ಬಿಡಬೇಡಿ. ಬಯಲೆಲ್ಲ ಚದುರಿ ಸಾಯುತ್ತಾರೆ. ಗುರಾಣಿಯವರನ್ನು ಚೌಕವಾಗಿ ಕಟ್ಟಿ, ಬಿಲ್ಲುಗಾರರನ್ನು ಒಳಗಿಟ್ಟು ನಿಂತೇ ಹೊಡೆಸಿ. ನೆಲದ ಮೇಲೆ ನಿಂತವನ ಗುರಿ ಕುದುರೆ ಮೇಲಿನವನ ಗುರಿಗಿಂತ ಗಟ್ಟಿ.

ಪ್ರಶ್ನೆ: ಸೇನೆಯನ್ನೆಲ್ಲ ಕುದುರೆ ಸವಾರರಿಂದಲೇ ತುಂಬಿದರೆ ಸೋಲೇ ಇಲ್ಲವಂತೆ, ನಿಜವೆ?
– ಸೋಮವಾರಪೇಟೆ

ಕೋಟೆ ಮುತ್ತಿಗೆಗೆ ಹೋಗಿ ನೋಡಿ, ಏಣಿ ಹತ್ತಲು ಕುದುರೆ ಬರುವುದಿಲ್ಲ.

ಪ್ರಶ್ನೆ: ಕುದುರೆ ಮೇಲಿಂದ ಭರ್ಜಿ ಚುಚ್ಚಿದರೆ ಹತ್ತಕ್ಕೆ ಎಂಟು ಸಲ ತಪ್ಪುತ್ತದೆ.
– ವಿರಾಜಪೇಟೆ

ನೀವು ಶತ್ರುವನ್ನು ಮುಟ್ಟಿದ ಮೇಲೆ ಗುಂಡಿ ಬಿಡುತ್ತಿದ್ದೀರಿ. ಭರ್ಜಿಯ ತುದಿ ಕುದುರೆಯ ಮೂಗಿಗಿಂತ ಮುಂದಿರುತ್ತದೆ. ಅದು ಅವನ ಎದೆಯನ್ನು ದಾಟಿದ ಮೇಲೆ ಚುಚ್ಚಿದರೆ ಗಾಳಿಗೆ ಹೋಗುತ್ತದೆ. ಬಲಗಡೆಯಲ್ಲೇ ಹಾದುಹೋಗುವಂತೆ ಕುದುರೆಯನ್ನು ನಡೆಸಿ, ಎರಡು ಕುದುರೆಯುದ್ದ ದೂರವಿರುವಾಗಲೇ ಬಿಡಿ. ಕಂಕುಳಿಗೆ ಸಿಕ್ಕಿಸಿ ಹಿಡಿಯಬಲ್ಲ ಭರ್ಜಿಯಾದರೆ ವೇಗ ಬಂದ ಮೇಲೆ ಎಕ್ಸ್ ಒತ್ತಿ. ಆಗ ಚುಚ್ಚುವ ಕೆಲಸವೇ ಇಲ್ಲ, ತುದಿಯನ್ನು ಗುರಿಗೆ ಹಿಡಿದಿದ್ದರೆ ಸಾಕು. ಆಯುಧ ಕೊಳ್ಳುವಾಗ ಉದ್ದ ನೋಡಿ, ಬೆಲೆ ಆಮೇಲೆ. ನೆಲದ ಮೇಲೆ ಗುರಾಣಿಯಿಲ್ಲದೆ ಕಾದುವವರು ನೆನಪಿಡಬೇಕಾದ್ದು ಬೇರೆ: ಪೆಟ್ಟು ಬರುವುದು ನಾಲ್ಕು ದಿಕ್ಕಿನಿಂದ, ತಡೆಯಬೇಕಾದ್ದೂ ಅದೇ ದಿಕ್ಕಿಗೆ. ಪಟ್ಟಣದ ಅಖಾಡದಲ್ಲಿ ಮೊಂಡು ಆಯುಧದಲ್ಲಿ ಅಭ್ಯಾಸ ಮಾಡಿ. ಅಲ್ಲಿ ಬಿದ್ದರೆ ಜೀವಕ್ಕೂ ಸೇನೆಗೂ ಅಪಾಯವಿಲ್ಲ.

ಪ್ರಶ್ನೆ: ಬ್ಯಾನರ್‌ಲಾರ್ಡ್‌ನಲ್ಲಿ ಮಂತ್ರವಿಲ್ಲ, ರಾಕ್ಷಸರಿಲ್ಲ. ಅಂಥದ್ದು ಬೇಕು.
– ಮಡಿಕೇರಿ

‘ಕಿಂಗ್‌ಡಮ್ ಅಂಡರ್ ಫೈರ್: ದಿ ಕ್ರುಸೇಡರ್ಸ್’ ಆಡಿ. 2004ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಕೊರಿಯಾದ ಆಟ, 2020ರಿಂದ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲೂ ಇದೆ. ನಕ್ಷೆಯ ಮೇಲೆ ದಳಗಳನ್ನು ನಡೆಸುತ್ತೀರಿ, ನಾಯಕನ ದಳ ಶತ್ರುವನ್ನು ಮುಟ್ಟಿದಾಗ ಕತ್ತಿ ನಿಮ್ಮ ಕೈಗೆ ಬರುತ್ತದೆ. ಆಟದ ನಾಯಕರಲ್ಲೊಬ್ಬನಾದ ಜೆರಾಲ್ಡ್‌ನ ಕಥೆಯಿಂದ ಶುರು ಮಾಡಿ. ಇಲ್ಲಿ ಅಗ್ನಿಬಾಣದಿಂದ ಕಾಡಿಗೆ ಬೆಂಕಿ ಹಚ್ಚಬಹುದು, ಹಾಗಾಗಿ ಬ್ಯಾನರ್‌ಲಾರ್ಡ್‌ನಂತೆ ಮರಗಳ ಮರೆಯಲ್ಲಿ ನೆಮ್ಮದಿಯಾಗಿ ನಿಂತಿರಬೇಡಿ. ಮೊದಲ ಎರಡು ಗಂಟೆ ಒರಟೆನಿಸುತ್ತದೆ, ಬಿಡಬೇಡಿ. ಈ ಬಗೆಯ ಆಟಗಳಲ್ಲಿ ಇಂದಿಗೂ ಇದಕ್ಕೆ ಸಾಟಿ ಕಡಿಮೆ.

ಪ್ರಶ್ನೆ: ದೊಡ್ಡ ಯುದ್ಧದಲ್ಲಿ ಲ್ಯಾಪ್‌ಟಾಪ್ ತೆವಳುತ್ತದೆ. ‘ಗೇಮ್ ಬೂಸ್ಟರ್’ ಹಾಕಿಸಿದೆ, ಏನೂ ಆಗಲಿಲ್ಲ.
– ಕುಶಾಲನಗರ

ಆಗುವುದೂ ಇಲ್ಲ. ಬೂಸ್ಟರ್ ಹೆಸರಿನಲ್ಲಿ ದುಡ್ಡು ಕೇಳುವವರು ನಿಮ್ಮನ್ನು ಮೋಸ ಮಾಡುತ್ತಿದ್ದಾರೆ. ಇಂದೇ ಅದನ್ನು ತೆಗೆದುಹಾಕಿ. ಯುದ್ಧದ ಗಾತ್ರ ಎನ್ನುವ ಸೆಟ್ಟಿಂಗ್ 200ರಿಂದ 1,000ದವರೆಗೆ ಇದೆ. ಅದನ್ನು 400ಕ್ಕೆ ಇಳಿಸಿ. ಉಳಿದ ಸೈನಿಕರು ಕಳೆದುಹೋಗುವುದಿಲ್ಲ, ಮುಂದಿನ ಅಲೆಯಲ್ಲಿ ಬರುತ್ತಾರೆ. ನೂರಾರು ಸೈನಿಕರ ಲೆಕ್ಕ ಹಾಕುವುದು ಪ್ರೊಸೆಸರ್, ಆದ್ದರಿಂದ ಚಿತ್ರದ ಗುಣಮಟ್ಟ ಇಳಿಸಿದರಷ್ಟೇ ಸಾಲದು. ನೆಲದಲ್ಲಿ ಉಳಿಯುವ ಹೆಣಗಳ ಸಂಖ್ಯೆ, ನೆರಳು, ಎರಡನ್ನೂ ತಗ್ಗಿಸಿ. ಆಡುವಾಗ ಚಾರ್ಜರ್ ಸಿಕ್ಕಿಸಿಯೇ ಇರಲಿ. ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಶಕ್ತಿಗೆ ಏರುವುದಿಲ್ಲ.

ಪ್ರಶ್ನೆ: ಆಟದ ಕ್ರ್ಯಾಕ್ ಮಾಡಿದ ಕಳ್ಳಪ್ರತಿ ಪೆನ್‌ಡ್ರೈವ್‌ನಲ್ಲಿ ಸಿಗುತ್ತದೆ, ಹಾಕಬಹುದೆ? ನಮ್ಮಲ್ಲಿ ನೆಟ್ ನಿಧಾನ.
– ಪೊನ್ನಂಪೇಟೆ

ಬೇಡ. ಅದರೊಂದಿಗೆ ಬರುವ ಫೈಲ್ ಆಂಟಿವೈರಸ್ ಆಫ್ ಮಾಡಿ ಎನ್ನುತ್ತದೆಯಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ಮನೆಯ ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುತ್ತದೆ. ನೆಟ್ ನಿಧಾನ ಎನ್ನುವುದು ನಿಜವಾದ ತೊಂದರೆ, ಅದಕ್ಕೆ ದಾರಿಯಿದೆ: ಆಟಕ್ಕೆ 60 ಜಿಬಿ ಜಾಗ ಬೇಕು, ಆದರೆ ಅಷ್ಟನ್ನೂ ನೀವೇ ಡೌನ್‌ಲೋಡ್ ಮಾಡಬೇಕಿಲ್ಲ. ನೀವೂ ಆಟ ಕೊಂಡಿರಿ. ಆಟ ಈಗಾಗಲೇ ಇರುವ ಗೆಳೆಯರ ಕಂಪ್ಯೂಟರನ್ನೂ ನಿಮ್ಮದನ್ನೂ ಒಂದೇ ವೈಫೈಗೆ ಜೋಡಿಸಿ, ಎರಡರಲ್ಲೂ ಸ್ಟೀಮ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ ಸ್ಥಳೀಯ ನೆಟ್‌ವರ್ಕ್‌ನಿಂದ ಆಟ ವರ್ಗಾಯಿಸುವುದಕ್ಕೆ ಒಪ್ಪಿಗೆ ಕೊಡಿ. ಫೈಲುಗಳು ಅಲ್ಲಿಂದಲೇ ಬರುತ್ತವೆ.

ಪ್ರಶ್ನೆ: ಹೊಸ ಅಪ್‌ಡೇಟ್ ಬಂದ ಮೇಲೆ ಮಾಡ್‌ಗಳು (ಆಟಗಾರರೇ ಮಾಡಿದ ಮಾರ್ಪಾಡುಗಳು) ಕೆಲಸ ಮಾಡುತ್ತಿಲ್ಲ.
– ಸಿದ್ದಾಪುರ

ಮಾಡ್ ಹಾಕಿಕೊಂಡವರು ಸ್ವಯಂ ಅಪ್‌ಡೇಟ್‌ಗೆ ಬಿಡಬಾರದು. ಸ್ಟೀಮ್‌ನಲ್ಲಿ ಹಳೆಯ ಆವೃತ್ತಿಗೆ ಮರಳಿ, ಆಟ ಶುರು ಮಾಡುವ ಲಾಂಚರ್‌ನಲ್ಲಿ, ಬೇರೆ ಮಾಡ್‌ಗಳಿಗೆ ಆಧಾರವಾದ ಹಾರ್ಮನಿ ಎಲ್ಲಕ್ಕಿಂತ ಮೇಲಿದೆಯೇ ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ 80 ಗಂಟೆ ಆಡಿದ ಸೇವ್ ಫೈಲ್ ಹಾಳಾಯಿತು. ಇನ್‌ವರ್ಟರ್ ಇದೆ, ಆದರೂ ಕಂಪ್ಯೂಟರ್ ಆಫ್ ಆಗುತ್ತದೆ.
– ನಾಪೋಕ್ಲು

ಒಂದೇ ಹೆಸರಿನ ಮೇಲೆ ಮತ್ತೆ ಮತ್ತೆ ಸೇವ್ ಮಾಡಿದ್ದೀರಿ. ಬರೆಯುತ್ತಿರುವ ಕ್ಷಣದಲ್ಲೇ ಕರೆಂಟ್ ಹೋದರೆ ಇದ್ದದ್ದೂ ಹೋಗುತ್ತದೆ. ಮೂರು ಹೆಸರು ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಯುದ್ಧದ ನಡುವೆ ಸೇವ್ ಆಗುವುದಿಲ್ಲ, ಆದ್ದರಿಂದ ದೊಡ್ಡ ಯುದ್ಧಕ್ಕೆ ಇಳಿಯುವ ಮೊದಲೂ ಮುಗಿದ ಮೇಲೂ ಸೇವ್ ಮಾಡಿ. ವಾರಕ್ಕೊಮ್ಮೆ ಡಾಕ್ಯುಮೆಂಟ್ಸ್‌ನಲ್ಲಿರುವ ಆಟದ ಫೋಲ್ಡರಿನಿಂದ ಸೇವ್‌ಗಳ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಇನ್‌ವರ್ಟರ್‌ನಲ್ಲಿ ಯುಪಿಎಸ್ ಎನ್ನುವ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಬದಲಾಗುವ ಸಮಯ ಕಡಿಮೆಯಾಗುತ್ತದೆ. ಆಗಲೂ ಆಫ್ ಆದರೆ ಕಂಪ್ಯೂಟರಿಗೇ ಪ್ರತ್ಯೇಕ ಯುಪಿಎಸ್ ಬೇಕು, ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ 1,000 ವಿಎಗಿಂತ (ವಿಎ ಎಂದರೆ ಯುಪಿಎಸ್ ಸಾಮರ್ಥ್ಯದ ಅಳತೆ) ಕಡಿಮೆಯದು ಬೇಡ. ಅದು ಕೆಲವು ನಿಮಿಷ ಕೊಡುತ್ತದೆ. ಆ ಕೆಲವು ನಿಮಿಷ ಸೇವ್ ಮಾಡಿ ಮುಚ್ಚಲಿಕ್ಕೆ, ಇನ್ನೊಂದು ಕೋಟೆ ಗೆಲ್ಲಲಿಕ್ಕಲ್ಲ. ಗುಡುಗು ಹತ್ತಿರ ಬಂದಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಿ, ರೌಟರಿಗೆ ಹೊರಗಿನಿಂದ ಬರುವ ತಂತಿಯನ್ನೂ ಕೀಳಿ.